ನಾಲ್ಕು ಗಂಟೆಗೆ ತಾವಾಗಿ ಮುಚ್ಚಿಕೊಳ್ಳುತ್ತಿದ್ದ ದೂರುಗಳು

ಆ ಬುಧವಾರ ಬೆಳಿಗ್ಗೆಯೂ ನಾನು ಮಾಡಿದ್ದು ದಿನವೂ ಮಾಡುವುದನ್ನೇ. ಐದೂವರೆಗೆ ಎದ್ದು ಹಾಲಿಟ್ಟೆ. ಹಿಮ ಬೀಳುವ ತಿಂಗಳುಗಳು ಮುಗಿದಿದ್ದರೂ ಅಡುಗೆಮನೆಯ ಕಿಟಕಿಯ ಗಾಜು ಒಳಗಡೆಯಿಂದ ಬೆವರಿತ್ತು. ಹಳೇ ಬನಿಯನ್ ತುಂಡಿನಿಂದ ಅದನ್ನು ಒರೆಸಿದರೆ ಎದುರು ಮನೆಯ ಅಂಗಳ ಕಾಣುತ್ತದೆ. ಆ ಮನೆಯ ಮಾಮಿ ಆಗಲೇ ತಲೆಗೆ ಬಿಳಿ ಬಟ್ಟೆ ಕಟ್ಟಿ, ಬುಟ್ಟಿಯನ್ನು ಕವುಚಿ ಹಾಕಿ, ಅಡಿಯಲ್ಲಿ ಅಂಟಿದ್ದ ನಿನ್ನೆಯ ಎಲೆಗಳನ್ನು ಕೈಯಿಂದ ಬಡಿದು ಉದುರಿಸುತ್ತಿದ್ದರು. ಮುಕ್ಕಾಲು ಎಕರೆ ಟೀ ಅವರದು. ಸೊಸೆ ಊಟಿಯ ಬೇಕರಿಯೊಂದಕ್ಕೆ ಕೆಲಸಕ್ಕೆ ಹೋಗುವುದರಿಂದ ಎಲೆ ಕೀಳುವುದು ಬಹುಪಾಲು ಅವರೊಬ್ಬರೇ.

"ಏ ಕೂಸೆ, ಇಂದು ವ್ಯಾನ್ ಬಪ್ಪದಾ?" ಎಂದು ಕೂಗಿದರು.

"ಬರುತ್ತೆ ಮಾಮಿ."

"ನೀ ದಿನಾ ಹೇಳೋದು ಅದನ್ನೇ. ವ್ಯಾನಿಗೆ ಅದು ಗೊತ್ತಿಲ್ಲೆ, ಅಷ್ಟೇ."

ನಾನು ನಕ್ಕೆ. ಆ ವಾರ ಒಂದು ದಿನ ತಪ್ಪಿದರೂ ನಮ್ಮ ಹಟ್ಟಿಗೆ ಏಪ್ರಿಲ್ ಒಂದರಿಂದ ವ್ಯಾನೇ ಇರುವುದಿಲ್ಲ ಎಂಬುದು ಮಾಮಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಯಜಮಾನರ ಡಬ್ಬಿಗೆ ಬೀನ್ಸ್ ಪಲ್ಯ ಹಾಕಿ, ನನ್ನ ಡಬ್ಬಿಗೂ ಹಾಕಿ, ಒಂಬತ್ತಕ್ಕೆ ಶಾಲು ಹೊದ್ದು ಫ್ಯಾಕ್ಟರಿಯ ದಾರಿ ಹಿಡಿದೆ.

ಇದು ಶುರುವಾದದ್ದು ಜನವರಿಯ ಕೊನೆಯಲ್ಲಿ. ನಮ್ಮದು ಸಣ್ಣ ಬೆಳೆಗಾರರು ಸೇರಿ ನಡೆಸುವ ಟೀ ಫ್ಯಾಕ್ಟರಿ. ಸುತ್ತಿನ ಹಟ್ಟಿಗಳಲ್ಲಿ ರಸ್ತೆ ಬದಿಗೆ ಒಂಬತ್ತು ಎಲೆ ಶೆಡ್ಡುಗಳಿವೆ. ತಗಡಿನ ಮಾಡು, ಒಂದು ತಕ್ಕಡಿ, ಅಷ್ಟೇ. ಬೆಳೆಗಾರರು ಕಿತ್ತ ಎಲೆಯನ್ನು ಅಲ್ಲಿಗೆ ತರುತ್ತಾರೆ, ವ್ಯಾನ್ ಬಂದು ಫ್ಯಾಕ್ಟರಿಗೆ ಒಯ್ಯುತ್ತದೆ. ವ್ಯಾನ್ ಬರದಿದ್ದರೆ ಮೂಟೆಯೊಳಗೆ ಎಲೆ ಬಿಸಿಯಾಗುತ್ತದೆ. ಕೈ ಹಾಕಿದರೆ ಜ್ವರ ಬಂದ ಮಗುವಿನ ಕಂಕುಳಿನ ಹಾಗೆ ಇರುತ್ತದೆ. ಸಂಜೆಯ ಹೊತ್ತಿಗೆ ಕೆಂಪಾಗುತ್ತದೆ. ಕೆಂಪಾದ ಎಲೆಯನ್ನು ಫ್ಯಾಕ್ಟರಿ ತೆಗೆದುಕೊಳ್ಳುವುದಿಲ್ಲ.

ದೂರುಗಳನ್ನು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ನನ್ನ ಕೈಬರಹ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಮ್ಯಾನೇಜರು ಹತ್ತರಿಂದ ಮೂರರವರೆಗೆ ನನ್ನನ್ನು ಕೂರಿಸಿದ್ದರು. ಆ ಕೈಬರಹ ಕಾನ್ವೆಂಟಿನದು. ಕನ್ನಡ ಓದಲು ಬರೆಯಲು ಕಲಿಸಿದವರೂ ಅಲ್ಲಿಯ ಮಂಗಳೂರಿನ ಕಡೆಯ ಸಿಸ್ಟರೊಬ್ಬರು. "ಮೊದಲು ಮಾರ್ಜಿನ್ ಎಳೆ, ಆಮೇಲೆ ಯೋಚನೆ ಮಾಡು" ಎನ್ನುತ್ತಿದ್ದರು. ಇವತ್ತಿಗೂ ಹಾಲಿನ ಲೆಕ್ಕಕ್ಕೂ ನಾನು ಮಾರ್ಜಿನ್ ಎಳೆಯುತ್ತೇನೆ.

ರಿಜಿಸ್ಟರಿನ ಬದಲು ಕಂಪ್ಯೂಟರಿನಲ್ಲಿ ದೂರು ಬರೆಯುವ ಸಾಫ್ಟ್‌ವೇರ್ ಬಂತು. ದೊಡ್ಡ ದೊಡ್ಡ ಕಂಪನಿಗಳಿಗಾಗಿ ಮಾಡಿದ್ದು, ಕೋಯಮತ್ತೂರಿನವರು ತಂದು ಹಾಕಿದ್ದು. ಪ್ರತಿ ದೂರಿಗೂ ಒಂದು ಟಿಕೆಟ್, ಪ್ರತಿ ಟಿಕೆಟಿಗೂ ಒಂದು ನಂಬರು. ಯಾರು ಹೇಳಿದರು, ಎಷ್ಟು ಗಂಟೆಗೆ, ಏನು ತೊಂದರೆ, ಅದು ಸರಿಹೋಗಿ ಟಿಕೆಟ್ ಮುಚ್ಚಿತೋ ಇಲ್ಲವೋ, ಎಲ್ಲವೂ ಪರದೆಯ ಮೇಲೆ. ಮಂಜಿನ ತೇವಕ್ಕೆ ಯಂತ್ರ ಕೆಡದಿರಲೆಂದು ಮೇಜಿನ ಕೆಳಗೆ ನಲವತ್ತು ವ್ಯಾಟಿನ ಬಲ್ಬ್ ಉರಿಸಿಟ್ಟಿದ್ದರು. ಹಾಗಾಗಿ ನನ್ನ ಪಾದಗಳಿಗಂತೂ ಆ ಸಾಫ್ಟ್‌ವೇರ್ ಮೊದಲ ದಿನದಿಂದಲೇ ಹಿತವಾಗಿತ್ತು.

ತೊಂದರೆ ಇದ್ದದ್ದು ಅದನ್ನು ಬೇರೆಯವರ ಯಂತ್ರಗಳಿಗೆ ಜೋಡಿಸುವುದರಲ್ಲಿ. ವ್ಯಾನುಗಳು ನಮ್ಮವಲ್ಲ, ಗೂಡಲೂರಿನ ಒಬ್ಬ ಕಂಟ್ರಾಕ್ಟರರವು. ಪಂದಲೂರು ಕಡೆಯ ಫ್ಯಾಕ್ಟರಿಗಳಿಗೂ ಅವರೇ ವ್ಯಾನ್ ಓಡಿಸುತ್ತಿದ್ದರು. ಅವರ ಆಫೀಸಿನಲ್ಲಿ ಅವರದೇ ಒಂದು ಪ್ರೋಗ್ರಾಂ ಇತ್ತು. ನಮ್ಮಲ್ಲಿ ಬರೆದ ದೂರು ತಾನಾಗಿ ಅಲ್ಲಿಗೆ ಹೋಗಬೇಕು, ಅಲ್ಲಿ ಏನಾಯಿತೆಂಬುದು ತಾನಾಗಿ ಇಲ್ಲಿಗೆ ಬರಬೇಕು. ಅರ್ಧ ಗಂಟೆಗೊಮ್ಮೆ ನಮ್ಮ ಮೋಡೆಮ್ ಕಿರುಚಿ ಗೂಡಲೂರಿಗೆ ಒಂದು ಫೈಲ್ ಕಳಿಸುತ್ತಿತ್ತು. ಮಧ್ಯದಲ್ಲಿ ಮ್ಯಾನೇಜರು ತಮ್ಮ ಕೋಣೆಯ ಫೋನ್ ಎತ್ತಿದರೆ ಫೈಲ್ ಅರ್ಧಕ್ಕೆ ತುಂಡಾಗುತ್ತಿತ್ತು. ನಾನು ಅವರ ಫೋನಿನ ಮೇಲೆ ನನ್ನ ಕೈವಸ್ತ್ರ ಹಾಸಿಟ್ಟೆ. ಕೈವಸ್ತ್ರ ಇದ್ದರೆ ಎತ್ತಬಾರದು ಎಂದು ಅವರಿಗೂ ನನಗೂ ಒಪ್ಪಂದ.

ಫೈಲ್ ಹೋಗತೊಡಗಿದ್ದು ಫೆಬ್ರವರಿ ಒಂದರಿಂದ. ಮೊದಲ ಎರಡು ವಾರ ಸಣ್ಣಪುಟ್ಟ ಎಡವಟ್ಟುಗಳಲ್ಲೇ ಕಳೆಯಿತು. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅವರ ಪ್ರೋಗ್ರಾಮಿನಲ್ಲಿ ತಿರುಗಾಮುರುಗಾ. ಫೆಬ್ರವರಿ ಮೂರರ ದೂರು ಮಾರ್ಚ್ ಎರಡಕ್ಕೆ ಹೋಗಿ ತೆಪ್ಪಗೆ ಕೂತಿತ್ತು. ಹದಿಮೂರನೇ ತಾರೀಕು ಬಂದಾಗ, ಹದಿಮೂರನೇ ತಿಂಗಳು ಎಲ್ಲಿದೆ ಎಂದು ಯಂತ್ರ ಗಲಾಟೆ ಮಾಡಿತು. ಆಗಲೇ ನಮಗೆ ತಪ್ಪು ತಿಳಿದದ್ದು. ಇನ್ನೊಂದು, ನಮ್ಮಲ್ಲಿ ದೂರು ಬೆಳೆಗಾರರ ಎಲೆ ಪುಸ್ತಕದ ನಂಬರಿನಲ್ಲಿ. ಅವರಿಗೆ ಪುಸ್ತಕದ ನಂಬರು ಬೇಡ, ವ್ಯಾನ್ ನಿಲ್ಲುವ ಸ್ಟಾಪಿನ ನಂಬರು ಬೇಕು. ಯಾವ ಪುಸ್ತಕ ಯಾವ ಶೆಡ್ಡಿಗೆ ಸೇರಿದ್ದು ಎಂಬ ಪಟ್ಟಿ ಎಲ್ಲೂ ಇರಲಿಲ್ಲ. ನಾನು ಇನ್ನೂರು ಪುಟದ ನೋಟ್‌ಬುಕ್ ತಂದು, ಮಾರ್ಜಿನ್ ಎಳೆದು, ಹತ್ತು ದಿನ ಕೂತು ಬರೆದೆ. ನನ್ನ ನೋಟ್‌ಬುಕ್ಕನ್ನು ಕೋಯಮತ್ತೂರಿನ ಪ್ರೋಗ್ರಾಮರು ಯಂತ್ರಕ್ಕೆ ಹಾಕಿದರು.

ಆ ಪ್ರೋಗ್ರಾಮರು ಇಪ್ಪತ್ತೆಂಟು ಮೂವತ್ತರ ಪ್ರಾಯದವರು. ವಾರಕ್ಕೆರಡು ಬಾರಿ ಘಟ್ಟ ಹತ್ತಿ ಬರುತ್ತಿದ್ದರು, ಬಂದ ಕೂಡಲೇ ಮಂಕಿ ಕ್ಯಾಪ್ ಹಾಕಿಕೊಳ್ಳುತ್ತಿದ್ದರು. ಏನು ಕೇಳಿದರೂ "ಪಣ್ಣಿಡಲಾಂ ಮೇಡಂ" ಎನ್ನುತ್ತಿದ್ದರು. ಮಾಡಿಬಿಡೋಣ ಎಂದು ಅದರ ಅರ್ಥ. ಆ ಮಾತು ಬಂದರೆ ಇನ್ನು ಎರಡು ದಿನ ಆಗುವುದಿಲ್ಲ ಎಂದು ನಾನು ತಿಳಿದುಕೊಳ್ಳುತ್ತಿದ್ದೆ.

ಫೆಬ್ರವರಿಯ ಕೊನೆಗೆ ಎಲೆ ಚಿಗುರತೊಡಗಿತು, ನಿಜವಾದ ತೊಂದರೆ ಆಗ ಶುರುವಾಯಿತು. ವ್ಯಾನ್ ಬಂದಿಲ್ಲ ಎಂದು ಶೆಡ್ಡಿನಿಂದ ಫೋನ್ ಬರುತ್ತದೆ, ನಾನು ಟಿಕೆಟ್ ಬರೆಯುತ್ತೇನೆ. ಮರುದಿನ ಬಂದು ನೋಡಿದರೆ ಟಿಕೆಟ್ ಮುಚ್ಚಿದೆ, ಪರಿಹಾರವಾಗಿದೆ ಎಂದು ಹಸಿರು ಗುರುತು. ಆದರೆ ವ್ಯಾನ್ ಹೋಗಿರುವುದೇ ಇಲ್ಲ. ಮಾಮಿ ಕೆಂಪಾದ ಎಲೆಯನ್ನು ದನದ ಕೊಟ್ಟಿಗೆಯ ಹಿಂದೆ ಸುರಿದದ್ದನ್ನು ನಾನೇ ಕಿಟಕಿಯಿಂದ ನೋಡಿದ್ದೆ.

"ಕಂಪ್ಯೂಟರಲ್ಲಿ ಸರಿಹೋಯ್ತು ಅಂತ ಇದೆಯಲ್ಲಮ್ಮ" ಎಂದರು ಮ್ಯಾನೇಜರು.

"ಹೌದು ಸಾರ್. ಎಲೆಗೆ ಯಾರೂ ಹೇಳಿಲ್ಲ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಹಾಗೆ ಮಾತಾಡುವವಳಲ್ಲ. ಬಾಯಿಂದ ಬಂದ ಮೇಲೆ ನನಗೇ ಆಶ್ಚರ್ಯವಾಗಿತ್ತು.

ಹಾಗೆ ಮುಚ್ಚಿದ ಟಿಕೆಟುಗಳನ್ನೆಲ್ಲ ಕಾಗದದ ಮೇಲೆ ಇಳಿಸಿದೆ. ನಂಬರು, ಶೆಡ್ಡು, ದೂರು ಬಂದ ಹೊತ್ತು, ಮುಚ್ಚಿದ ಹೊತ್ತು. ಬಣ್ಣದ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ದೂರು ಬಂದ ಹೊತ್ತುಗಳು ಚೆಲ್ಲಾಪಿಲ್ಲಿ. ಎರಡು ಗಂಟೆ ಹನ್ನೊಂದು ನಿಮಿಷ ಮೂವತ್ತೆಂಟು ಸೆಕೆಂಡು, ಹೀಗೆ. ಮುಚ್ಚಿದ ಹೊತ್ತು ಮಾತ್ರ ಎಲ್ಲದಕ್ಕೂ ನಾಲ್ಕು ಗಂಟೆ ಸೊನ್ನೆ ನಿಮಿಷ ಸೊನ್ನೆ ಸೆಕೆಂಡು. ಮನುಷ್ಯರು ಮುಚ್ಚಿದ್ದರೆ ಸೆಕೆಂಡುಗಳು ಅಷ್ಟು ಶಿಸ್ತಾಗಿ ನಿಲ್ಲುವುದಿಲ್ಲ. ನಾನು ಮೂರಕ್ಕೆ ಮನೆಗೆ ಹೋಗುತ್ತಿದ್ದುದರಿಂದ ಅದು ನಡೆಯುವುದನ್ನು ನೋಡಿರಲಿಲ್ಲ.

ಗೂಡಲೂರಿನ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಮಲಯಾಳಿ ಹುಡುಗಿ, ಚುರುಕು. ನನ್ನನ್ನು ಚೇಚಿ, ಅಂದರೆ ಅಕ್ಕ ಎಂದು ಕರೆಯುತ್ತಿದ್ದಳು.

"ಅದು ನಮ್ಮ ಜೀರೋ ರೂಲು ಚೇಚೀ. ಡ್ರೈವರ್ ಪ್ರತಿ ಸ್ಟಾಪಲ್ಲಿ ಎಷ್ಟು ಕಿಲೋ ಅಂತ ಮೊಬೈಲಲ್ಲಿ ಮೆಸೇಜ್ ಹಾಕ್ತಾರೆ. ನಾಲ್ಕು ಗಂಟೆ ಒಳಗೆ ಮೆಸೇಜ್ ಬರದಿದ್ರೆ ಪ್ರೋಗ್ರಾಂ ಜೀರೋ ಅಂತ ಬರ್ಕೊಳ್ಳುತ್ತೆ. ಎಲೆ ಇಲ್ಲ ಅಂದ್ಮೇಲೆ ದೂರು ಯಾಕೆ ಅಂತ ಅದನ್ನೂ ಮುಚ್ಚುತ್ತೆ."

"ವ್ಯಾನ್ ಹೋಗದೇ ಇದ್ರೂ?"

"ಹೋಗದೇ ಇದ್ರೂ ಚೇಚೀ. ಅದಕ್ಕೆ ಹೇಗೆ ಗೊತ್ತಾಗುತ್ತೆ?" ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. "ತಿಂಗಳಲ್ಲಿ ಮೂರು ಜೀರೋ ಬಂದ್ರೆ ಮುಂದಿನ ತಿಂಗಳ ರೂಟಿಂದ ಸ್ಟಾಪೇ ತೆಗೆಯುತ್ತೆ. ಏಪ್ರಿಲ್ ರೂಟಿಂದ ನಿಮಗೂ ಆ ರೂಲು, ಮಾರ್ಚಿನ ಜೀರೋ ಲೆಕ್ಕ. ನಿಮ್ಮ ಮೇಲಿನ ಶೆಡ್ಡಿಗೆ ಈ ತಿಂಗಳು ಆಗಲೇ ಒಂದಾಗಿದೆ."

ಮೇಲಿನ ಶೆಡ್ಡು ಎಂದರೆ ನಮ್ಮ ಹಟ್ಟಿಯದು. ಅದು ಹೋದರೆ ಎಲೆಯನ್ನು ತಲೆಹೊರೆಯಲ್ಲಿ ಕೆಳಗಿನ ರಸ್ತೆಗೆ ಒಯ್ಯಬೇಕು. ಇಳಿಯಲು ಮುಕ್ಕಾಲು ಗಂಟೆ, ಖಾಲಿ ಬುಟ್ಟಿ ಹೊತ್ತು ಹತ್ತಲು ಒಂದು ಗಂಟೆಗೂ ಮೇಲೆ. ಮಾಮಿಯ ನೋಯುವ ಮೊಣಕಾಲು ನನ್ನ ಕಣ್ಣ ಮುಂದೆ ಬಂತು.

ಮಾರ್ಚಿನ ಆ ಮೊದಲ ಜೀರೋ ಒಂದು ಸೋಮವಾರದ್ದು. ಸೋಮವಾರ ಎಲೆ ಮುಟ್ಟದ ಮನೆಗಳು ನಮ್ಮ ಹಟ್ಟಿಗಳಲ್ಲಿ ಇವತ್ತಿಗೂ ಇವೆ. ಹಿಂದಿನಿಂದ ಬಂದದ್ದು. ಬೇರೆ ಹಟ್ಟಿಗಳಲ್ಲಿ ಕೆಲವರು ಬಿಟ್ಟಿದ್ದಾರೆ, ಮೇಲಿನ ಶೆಡ್ಡಿಗೆ ಎಲೆ ತರುವವರು ಯಾರೂ ಬಿಟ್ಟಿಲ್ಲ. ವ್ಯಾನ್ ಬಂತು, ಖಾಲಿ ಶೆಡ್ಡು ನೋಡಿತು, ಹೋಯಿತು. ಕಾರಣ ಇದೇ ಇರಬೇಕೆಂದು ನಾನು ಹಿಗ್ಗಿದೆ. ಪ್ರೋಗ್ರಾಮರು "ಪಣ್ಣಿಡಲಾಂ" ಎಂದು, ಎರಡು ದಿನ ಬಿಟ್ಟು ಆ ಶೆಡ್ಡಿಗೆ ಸೋಮವಾರವನ್ನು ರಜೆ ಎಂದು ಹಾಕಿಕೊಟ್ಟರು. ಗೂಡಲೂರಿನ ಪ್ರೋಗ್ರಾಂ ಅದನ್ನು ಓದಿಕೊಂಡಿತು. ಮುಂದಿನ ಸೋಮವಾರ ಜೀರೋ ಬರಲಿಲ್ಲ. ನಾನು ಮನೆಯಲ್ಲಿ ಪಾಯಸ ಮಾಡಿದೆ.

ಅದೇ ವಾರ ಗುರುವಾರ ಎರಡನೇ ಜೀರೋ ಬಿತ್ತು.

ಶುಕ್ರವಾರ ಪೂರ್ತಿ ಕಾಗದ ಹರಡಿಕೊಂಡು ಕೂತೆ. ವ್ಯಾನ್ ಹೋಗಿತ್ತು, ಕೆಟ್ಟಿರಲಿಲ್ಲ. ದೂರು ಬಂದಿರಲಿಲ್ಲ. ಸೋಮವಾರವಲ್ಲ. ಹಬ್ಬವಲ್ಲ. ಡ್ರೈವರ್ ಪಂದಲೂರಿನವರು, "ಶೆಡ್ಡು ಖಾಲಿ ಇತ್ತು, ನರಮನುಷ್ಯರು ಇರಲಿಲ್ಲ" ಎಂದರಂತೆ. ಮಧ್ಯಾಹ್ನ ಮ್ಯಾನೇಜರು ಹಾಜರಿ ಪುಸ್ತಕ ಕಳಿಸಿದರು, ಹಿಂದಿನ ದಿನದ ಸಹಿ ಮಾಡಿಲ್ಲ ಎಂದು. ನನ್ನ ಹೆಸರಿನ ಎದುರು ಗುರುವಾರದ ಚೌಕ ಖಾಲಿ ಇತ್ತು.

ಗುರುವಾರ ನಾನೂ ಬಂದಿರಲಿಲ್ಲ. ನಮ್ಮ ಹಟ್ಟಿಯಲ್ಲಿ ಸಾವಾಗಿತ್ತು.

ನಮ್ಮಲ್ಲಿ ಒಂದು ಮನೆಯಲ್ಲಿ ಸಾವಾದರೆ ಅದು ಇಡೀ ಹಟ್ಟಿಯ ಸಾವು. ಯಾರೂ ಎಲೆ ಕೀಳುವುದಿಲ್ಲ. ನಂಟಿನ ಹಟ್ಟಿಗಳಿಗೆಲ್ಲ ಸುದ್ದಿ ಹೋಗುತ್ತದೆ, ಅವರೂ ಕೆಲಸ ಬಿಟ್ಟು ಬರುತ್ತಾರೆ. ಹಿಂದೆ ಆಳು ಓಡಿ ಹೋಗಿ ಸುದ್ದಿ ಮುಟ್ಟಿಸುತ್ತಿದ್ದರಂತೆ, ಈಗ ಫೋನು. ಆದರೆ ಫ್ಯಾಕ್ಟರಿಗೆ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಸಾವು ಎಲ್ಲರಿಗೂ ಗೊತ್ತಿರುತ್ತದಲ್ಲ! ದೂರಿನ ಮೇಜಿನಲ್ಲಿ ಕೂರುವ ನನಗೇ ಹೊಳೆಯಲಿಲ್ಲ. ಬಿಳಿ ಬಟ್ಟೆಯುಟ್ಟು ಹೋಗಿ ಇಡೀ ದಿನ ಅಲ್ಲಿ ಕೂತು ಬಂದೆ, ಮರುದಿನ ಇಲ್ಲಿ ಕೂತು ಕಾರಣ ಹುಡುಕಿದೆ. ಪಂದಲೂರಿನ ಕಡೆ ಖಾಲಿ ಶೆಡ್ಡು ಎಂದರೆ ಎಲೆ ಕೊಡುವ ಮನಸ್ಸಿಲ್ಲ ಎಂದೇ ಅರ್ಥ. ಅಲ್ಲಿಗೆ ಅವರ ರೂಲು ಸರಿಯಾಗಿಯೇ ಇತ್ತು. ನಮ್ಮ ಬದುಕಿನ ಒಂದು ಅಭ್ಯಾಸವನ್ನು ನಾವು ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಶನಿವಾರ ಪ್ರೋಗ್ರಾಮರು ಬಂದರು. ವಿಷಯ ಕೇಳಿ ಖುಷಿಯಾದರು. "ಸುಲಭ ಮೇಡಂ. ಒಂದು ಫಾರ್ಮ್ ಮಾಡಿಡ್ತೀನಿ. ಶೆಡ್ಡಿನವರು ಕಾರಣ ಬರೆದು ಕಳಿಸಲಿ. ಮರಣ, ಮದುವೆ, ಇತರೆ ಅಂತ ಮೂರು ಕಾಲಂ."

"ಸಾವಿನ ಮನೆ ಮುಂದೆ ಕೂತು ಯಾರು ಫಾರ್ಮ್ ತುಂಬ್ತಾರೆ?"

"ಒಂದೇ ಪುಟ ಮೇಡಂ."

"ಒಂದು ಸಾಲೂ ಆಗೋದಿಲ್ಲ."

ಅವರು ಮಂಕಿ ಕ್ಯಾಪನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. ನಾನು ಚಹಾ ತರಿಸಿದೆ. ಆ ಚಹಾ ಕುಡಿಯುವ ಹೊತ್ತಿನಲ್ಲೇ ನಾನು ಎರಡು ತೀರ್ಮಾನ ಮಾಡಿದೆ. ಜೀವನದಲ್ಲಿ ಅಷ್ಟು ಬೇಗ ಸೀರೆ ಕೂಡ ಆರಿಸಿದವಳಲ್ಲ.

ಮೊದಲನೆಯದು, ವ್ಯಾನಿನ ದೂರನ್ನು ಗೂಡಲೂರಿನ ಪ್ರೋಗ್ರಾಂ ಮುಚ್ಚಕೂಡದು. ಅವರು ಏನೇ ಹೇಳಲಿ, ನಾವು ಏನೇ ಹೇಳಲಿ, ಎಲೆ ಫ್ಯಾಕ್ಟರಿಗೆ ಬಂದು ತೂಕವಾದರೆ ಮಾತ್ರ ಟಿಕೆಟ್ ಮುಚ್ಚಬೇಕು. ನಮ್ಮ ತೂಕದ ಮನೆಯಲ್ಲಿ ಇನ್ನೊಂದು ಕಂಪನಿಯ ಹಳೇ ಕಪ್ಪು ಪರದೆಯ ಪ್ರೋಗ್ರಾಂ ಇತ್ತು. ದಿನವೂ ಯಾವ ಶೆಡ್ಡಿನ ಎಲೆ ಎಷ್ಟು ಕಿಲೋ ಎಂದು ಅದು ಒಂದು ಫೈಲಿನಲ್ಲಿ ಬರೆಯುತ್ತಿತ್ತು. ದೂರಿನ ಸಾಫ್ಟ್‌ವೇರ್ ಆ ಫೈಲನ್ನು ಓದಿದರೆ ಸಾಕು.

ಎರಡನೆಯದು, ಹಟ್ಟಿ ಕೆಲಸ ನಿಲ್ಲಿಸಿದ ದಿನ ಫಾರ್ಮ್ ಬೇಡ, ಮಾತೂ ಬೇಡ. ಫ್ಯಾಕ್ಟರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು. ತೂಕದ ಮನೆಯ ಹಳೇ ಫೋನ್ ಲೈನಿಗೆ ಇನ್ನೊಂದು ಮೋಡೆಮ್ ಹಾಕಿ, ಯಾವ ನಂಬರಿನಿಂದ ಬಂತೆಂದು ಅದು ನೋಡಿಕೊಳ್ಳಬೇಕು. ಫೋನ್ ಎತ್ತಬಾರದು, ನಂಬರು ಗುರುತಿಟ್ಟುಕೊಂಡರೆ ಸಾಕು. ಪ್ರತಿ ಶೆಡ್ಡಿಗೂ ಮೂರು ನಂಬರು ಮೊದಲೇ ಬರೆದಿಟ್ಟಿರಬೇಕು. ಆ ನಂಬರಿನಿಂದ ಬಂದರೆ ಆ ಶೆಡ್ಡಿಗೆ ಅವತ್ತು ಬಿಡುವು, ಜೀರೋ ಇಲ್ಲ.

ಪ್ರೋಗ್ರಾಮರು ಲೋಟ ಕೆಳಗಿಟ್ಟು ನನ್ನ ನೋಟ್‌ಬುಕ್ ತಮ್ಮ ಕಡೆ ಎಳೆದುಕೊಂಡರು. ಮೊದಲ ಬಾರಿ "ಪಣ್ಣಿಡಲಾಂ" ಎನ್ನಲಿಲ್ಲ. "ಇದು ಬರುತ್ತೆ ಮೇಡಂ" ಎಂದರು.

ಕಂಟ್ರಾಕ್ಟರರನ್ನು ಒಪ್ಪಿಸಿದ್ದು ಮ್ಯಾನೇಜರು. ಫೋನಿನಲ್ಲಿ ಕಂಟ್ರಾಕ್ಟರರ ದನಿ ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು. ಖಾಲಿ ಶೆಡ್ಡಿಗೆ ಘಟ್ಟ ಹತ್ತಿ ಬರುವ ವ್ಯಾನಿನ ಕಷ್ಟ ನಿಮಗೇನು ಗೊತ್ತು ಎಂದು ರೇಗಿದರು. ಅದೂ ನಿಜವೇ. ಬಿಡುವಿನ ದಿನ ಮೊದಲೇ ತಿಳಿದರೆ ವ್ಯಾನ್ ಹತ್ತುವುದೇ ಬೇಡವಲ್ಲ ಎಂದು ಮ್ಯಾನೇಜರು ಹೇಳಿದ ಮೇಲೆ ದನಿ ಇಳಿಯಿತು. ಮಾರ್ಚಿನ ಕೊನೆಯ ವಾರ ನೋಡೋಣ, ಆದರೆ ಅಷ್ಟರಲ್ಲಿ ಮೂರನೇ ಜೀರೋ ಬಿದ್ದರೆ ಸ್ಟಾಪ್ ಹೋಗುತ್ತದೆ, ಆಮೇಲೆ ಮಾತಿಲ್ಲ ಎಂದರು.

ಹಟ್ಟಿಯ ಗೌಡರನ್ನು ಒಪ್ಪಿಸಬೇಕಾದವಳು ನಾನು. ಎಂಬತ್ತರ ಹತ್ತಿರದ ಹಿರಿಯರು. ತಲೆಬಾಗಿ ನಿಂತೆ, ನೆತ್ತಿಯ ಮೇಲೆ ಕೈಯಿಟ್ಟು ಹರಸಿದರು. ಆಮೇಲೆ ತೌರಿನ ಹಟ್ಟಿಯವರೆಲ್ಲರ ಕ್ಷೇಮ ಕೇಳಿದರು. ಅರ್ಧ ಗಂಟೆಯ ನಂತರ ವಿಷಯಕ್ಕೆ ಬಂದೆ.

"ಸಾವಿನ ಸುದ್ದಿ ಫ್ಯಾಕ್ಟರಿಗಾ? ಅದು ನಂಗೆ ಏನ್ ನಂಟು?"

"ನಂಟು ಅಂತಲೇ ತಿಳೀರಿ ಅಪ್ಪಾ. ಫೋನ್ ಮಾಡೋ ಪಟ್ಟೀಲಿ ಇನ್ನೊಂದು ಮನೆ ಅಂತ."

"ಬಂದು ಕೂತು ಅಳ್ತದಾ ಅದು?"

"ಬರೋದಿಲ್ಲ ಅಪ್ಪಾ. ಅವತ್ತು ವ್ಯಾನ್ ಬರದೇ ಇದ್ರೆ ಸಾಕು."

"ಬರದೇ ಇರೋದು ಅದಕ್ಕೆ ಚೆನ್ನಾಗಿ ಗೊತ್ತು," ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಸುತ್ತ ಕೂತವರೂ ನಕ್ಕರು. ಆಮೇಲೆ ಗಂಭೀರವಾಗಿ, "ಮಾತಾಡಬೇಕಿಲ್ಲೆ ಅಂದೆಯಲ್ಲ, ಅದು ಒಳ್ಳಿತು. ಬೆಲ್ ಹೊಡೆದು ಇಡಿ" ಎಂದರು. ನಮ್ಮ ಗೌಡರು ಒಪ್ಪಿದರೆಂದು ಮಿಕ್ಕ ಹಟ್ಟಿಗಳವರೂ ನಂಬರು ಕೊಟ್ಟರು.

ಪರೀಕ್ಷೆಗೆ ಇಟ್ಟ ಮೊದಲ ದಿನವೇ ಒಂದು ಶೆಡ್ಡು ಸುಳ್ಳೇ ಬಿಡುವಿಗೆ ಹೋಯಿತು. ಶೆಡ್ಡು ನೋಡಿಕೊಳ್ಳುವವರ ಹೆಂಡತಿ ಏನೋ ಕೇಳಲು ಫೋನ್ ಮಾಡಿ, ಯಾರೂ ಎತ್ತಲಿಲ್ಲವೆಂದು ಇಟ್ಟುಬಿಟ್ಟಿದ್ದರು. ಐದು ನಿಮಿಷದೊಳಗೆ ಎರಡು ಬಾರಿ ಬಂದರೆ ಮಾತ್ರ ಲೆಕ್ಕ ಎಂದು ಬದಲಿಸಿದೆವು. ತೂಕದ ಫೈಲೂ ಕಾಡಿತು. ಆ ಹಳೇ ಪ್ರೋಗ್ರಾಂ ಸಂಜೆ ಆರಕ್ಕೆ ದಿನ ಮುಗಿಸುವವರೆಗೆ ಫೈಲನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಪ್ರೋಗ್ರಾಮರು ತಲೆ ಕೆರೆದುಕೊಂಡರು. ಟಿಕೆಟ್ ಆರರವರೆಗೆ ತೆರೆದೇ ಇರಲಿ ಎಂದೆ. ಎರಡು ಗಂಟೆ ತಡವಾಗಿ ಮುಚ್ಚಿದ ನಿಜ ನನಗೆ ಸಾಕಾಗಿತ್ತು.

ಹಾಗೆ ಆ ಬುಧವಾರ ಬಂತು.

ಹನ್ನೊಂದಕ್ಕೆ ತೂಕದ ಮನೆಯ ಫೋನ್ ಎರಡು ಬಾರಿ ಬಡಿದು ನಿಂತಿತು. ಮತ್ತೆ ಎರಡು ಬಾರಿ. ಪರದೆಯ ಮೇಲೆ ಕೆಳಗಿನ ಸಾಲಿನ ಒಂದು ಶೆಡ್ಡಿನ ಎದುರು 'ಬಿಡುವು' ಎಂದು ಮೂಡಿತು. ಆ ಹಟ್ಟಿಯ ಹಿರಿಯಜ್ಜಿಯೊಬ್ಬರು ತೀರಿಕೊಂಡಿದ್ದರು. ನಮಗೆ ದೂರದ ನಂಟು, ನಮ್ಮ ಹಟ್ಟಿಯಿಂದ ಗೌಡರು, ಹಿರಿಯರು ಮಾತ್ರ ಹೋದರು. ಯಂತ್ರ ಕೆಲಸ ಮಾಡಿತೆಂದು ಸಂತೋಷಪಡಲು ಮನಸ್ಸು ಬರಲಿಲ್ಲ. ಎದ್ದು ಒಂದು ನಿಮಿಷ ನಿಂತು, ಕೂತೆ. ಹನ್ನೊಂದೂವರೆಯ ಫೈಲಿಗೆ ಗೂಡಲೂರಿನಿಂದ ಉತ್ತರ ಬಂತು. ಆ ಸ್ಟಾಪಿಗೆ ವ್ಯಾನ್ ಹೋಗುವುದಿಲ್ಲ, ಜೀರೋ ಇಲ್ಲ.

ಎರಡೂವರೆಗೆ ಮೇಲಿನ ಶೆಡ್ಡಿಗೆ ವ್ಯಾನ್ ಬರಬೇಕು. ಮೂರಾದರೂ ಸುದ್ದಿಯಿಲ್ಲ. ಮೂರು ಹತ್ತಕ್ಕೆ ಶೆಡ್ಡಿನಿಂದ ಫೋನ್ ಬಂತು. ಎರಡನೇ ತಿರುವಿನಲ್ಲಿ ಕ್ಲಚ್ ಹೋಗಿ ವ್ಯಾನ್ ನಿಂತಿದೆ, ಶೆಡ್ಡಿನಲ್ಲಿ ನಾನ್ನೂರು ಕಿಲೋ ಎಲೆ ಇದೆ. ನಾನು ಟಿಕೆಟ್ ಬರೆದೆ. ಅವಸರದಲ್ಲಿ ಒಂದು ಅಂಕಿ ತಪ್ಪಿತು, ಅಳಿಸಿ ಮತ್ತೆ ಹೊಡೆದೆ. ಮೂರೂವರೆಯ ಫೈಲಿನಲ್ಲಿ ಅದು ಗೂಡಲೂರಿಗೆ ಹೋಯಿತು.

ಮನೆಗೆ ಹೋಗುವ ಹೊತ್ತು ಮೀರಿತ್ತು. ಹೋಗಲಿಲ್ಲ. ಪ್ರೋಗ್ರಾಮರು ಕುರ್ಚಿ ಎಳೆದುಕೊಂಡು ಬಂದರು. ಮ್ಯಾನೇಜರು ಹಿಂದೆ ಬಂದು ನಿಂತರು. ಗೂಡಲೂರಿನ ಹುಡುಗಿ ತನ್ನ ಮೊಬೈಲಿನಿಂದ ಮ್ಯಾನೇಜರ ಮೊಬೈಲಿಗೆ ಕರೆ ಮಾಡಿ, ತಾನೂ ಪರದೆ ನೋಡುತ್ತಿದ್ದೇನೆ ಎಂದಳು. ಅವರ ಪ್ರೋಗ್ರಾಮಿನ ಹಳೇ ರೂಲನ್ನು ನಮ್ಮ ಸ್ಟಾಪುಗಳ ಮಟ್ಟಿಗೆ ತೆಗೆದಿದ್ದಾರೆಂದು ಹೇಳಿದ್ದರು. ನಿಜವಾಗಿ ತೆಗೆದಿದ್ದಾರೋ ಇಲ್ಲವೋ ಎಂದು ಆವರೆಗೆ ಯಾರೂ ನೋಡಿರಲಿಲ್ಲ. ಸೋಮವಾರ, ಮಂಗಳವಾರ ಎಲ್ಲ ವ್ಯಾನೂ ಸರಿಯಾಗಿ ಬಂದಿದ್ದವು.

ಮೂರು ಐವತ್ತೆಂಟು. ಮೂರು ಐವತ್ತೊಂಬತ್ತು. ಪರದೆಯ ಮೂಲೆಯ ಗಡಿಯಾರ ನಾಲ್ಕಕ್ಕೆ ತಿರುಗಿತು. ಟಿಕೆಟ್ ಕೆಂಪಾಗಿಯೇ ಇತ್ತು, ಮುಚ್ಚಿರಲಿಲ್ಲ. ನಾಲ್ಕು ಒಂದು. ಕೆಂಪು. ನಾಲ್ಕು ಎರಡು. ಕೆಂಪು ಬಣ್ಣವನ್ನು ನಾನು ಅಷ್ಟು ಪ್ರೀತಿಯಿಂದ ಎಂದೂ ನೋಡಿಲ್ಲ.

"ಜೀರೋ ಬಿದ್ದಿಲ್ಲ ಚೇಚೀ!" ಎಂದು ಮೊಬೈಲಿನಲ್ಲಿ ಹುಡುಗಿ ಕೂಗಿದಳು. "ಇಲ್ಲೂ ಕೆಂಪೇ ಇದೆ. ನಮ್ಮ ಮೊದಲಾಳಿ ಈಗ ತಾನೇ ಬಂದು ನೋಡಿದ್ರು. ಇದೇನು ಇನ್ನೂ ಉರೀತಿದೆ ಅಂತ ಕೇಳ್ತಿದಾರೆ."

ಮೊದಲಾಳಿ ಎಂದರೆ ಕಂಟ್ರಾಕ್ಟರರು. ಅಷ್ಟು ದಿನ ಅವರ ಪರದೆಯಲ್ಲಿ ನಾಲ್ಕರ ನಂತರ ಎಲ್ಲವೂ ಹಸಿರಾಗಿರುತ್ತಿತ್ತು. ಹಸಿರಿದ್ದಲ್ಲಿಗೆ ಯಾರು ವ್ಯಾನ್ ಕಳಿಸುತ್ತಾರೆ? ಕೆಳಗಿನ ಸಾಲಿನ ಬಿಡುವಿನ ಶೆಡ್ಡಿಗೆ ಹೋಗದೆ ಉಳಿದ ವ್ಯಾನೊಂದು ಖಾಲಿ ಇತ್ತು. ಅದನ್ನೇ ಮೇಲಕ್ಕೆ ಕಳಿಸಿದರು.

ಐದೂಕಾಲಿಗೆ ಆ ವ್ಯಾನ್ ಫ್ಯಾಕ್ಟರಿಯ ಗೇಟಿನೊಳಗೆ ಬಂತು. ನಾನು ಇಳಿದು ಹೋಗಿ ಒಂದು ಮೂಟೆಯೊಳಗೆ ಕೈ ಹಾಕಿದೆ. ಬೆಚ್ಚಗಾಗತೊಡಗಿತ್ತು, ಕೆಂಪಾಗಿರಲಿಲ್ಲ. ಬಾಡಿಸುವ ತೊಟ್ಟಿಗೆ ಸುರಿದಾಗ ಎಲೆ ಸದ್ದಿಲ್ಲದೆ ಹರಡಿಕೊಂಡಿತು. ಆರು ಗಂಟೆಗೆ ತೂಕದ ಪ್ರೋಗ್ರಾಂ ದಿನ ಮುಗಿಸಿತು. ಆರು ಎರಡಕ್ಕೆ ಟಿಕೆಟ್ ಮುಚ್ಚಿತು. ಪರಿಹಾರ ಎಂಬ ಜಾಗದಲ್ಲಿ ಮಾತಿರಲಿಲ್ಲ, ನಾನ್ನೂರ ಹನ್ನೆರಡು ಎಂಬ ಅಂಕಿ ಮಾತ್ರ ಇತ್ತು.

ಕಂಟ್ರಾಕ್ಟರರು ಮ್ಯಾನೇಜರಿಗೆ ಹೇಳಿದ್ದು ಇಷ್ಟೇ: "ಆ ಸ್ಟಾಪ್ ಇರಲಿ ಬಿಡಿ." ಪ್ರೋಗ್ರಾಮರು ಹೊರಡುವ ಮುನ್ನ ತಮ್ಮ ಕಂಪನಿಯ ಕೈಪಿಡಿಗಾಗಿ ಬರೆದ ಒಂದು ಹಾಳೆ ತೋರಿಸಿದರು. ತೂಕ ಬಾರದೆ ದೂರು ಮುಚ್ಚದು ಎಂಬ ನನ್ನ ನೋಟ್‌ಬುಕ್ಕಿನ ಸಾಲನ್ನು ಇಂಗ್ಲಿಷಿನಲ್ಲಿ ಮೊದಲ ನಿಯಮವಾಗಿ ಹಾಕಿದ್ದರು. ಎಡಗಡೆ ಮಾರ್ಜಿನ್ ಎಳೆದಿದ್ದರು. ನನ್ನನ್ನು ನೋಡಿ ಕಲಿತದ್ದೋ ಏನೋ, ಕೇಳಲಿಲ್ಲ. ಆ ಹಾಳೆಯ ಒಂದು ಪ್ರತಿ ಇಂದಿಗೂ ನನ್ನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ.

ಮಬ್ಬುಗತ್ತಲಲ್ಲಿ ಹಟ್ಟಿ ಹತ್ತಿದೆ. ಶಾಲಿಗೆ ಹಸಿ ಎಲೆಯ ವಾಸನೆ ಹತ್ತಿತ್ತು. ನಡೆದದ್ದನ್ನು ಯಾರಿಗಾದರೂ ಹೇಳಬೇಕು ಅನಿಸುತ್ತಿತ್ತು. ಎದುರು ಮನೆಯ ಅಂಗಳದಲ್ಲಿ ಮಾಮಿ ಕುಕ್ಕರಗಾಲಲ್ಲಿ ಕೂತು, ತಳ ಹತ್ತಿದ ಪಾತ್ರೆಯೊಂದನ್ನು ಬೂದಿ ಹಾಕಿ ಗಸಗಸ ಉಜ್ಜುತ್ತಿದ್ದರು. ನನ್ನನ್ನು ಕಂಡು ತಲೆಯೆತ್ತಿದರು.

"ಏ ಕೂಸೆ, ನಿಂಗಳ ವ್ಯಾನಿಗೆ ಏನವಸರ? ಕೆಟ್ಟು ನಿಂತ ದಿನ ಕತ್ತಲೆವರೆಗೂ ಬಪ್ಪದಿಲ್ಲೆ ಅಂತ ನಾ ಮನೆಗೆ ಬಂದು ಹಾಲಿಟ್ಟರೆ, ಅಷ್ಟರಲ್ಲೇ ಬಂದು ಹಾರ್ನ್ ಹೊಡೀತಾ ನಿಂತಿತ್ತು. ಎಲ್ಲ ಬಿಟ್ಟು ಓಡಿದೆ, ಹಾಲು ಪೂರಾ ಉಕ್ಕಿ ಹೋಯ್ತು. ನಾಳೆಯಿಂದ ಸ್ವಲ್ಪ ನಿಧಾನ ಬರೋಕೆ ಹೇಳು."